ನೆಲಕ್ಕೆ ತಗ್ಗಿದ ಕಾರು, ತಲೆ ಎತ್ತಿದ ಜನ

ಕಾರು ಕೊಳ್ಳುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು: ಲೀಟರಿಗೆ ಎಷ್ಟು ಕಿಲೋಮೀಟರ್ ಕೊಡುತ್ತದೆ? ಎಷ್ಟು ವೇಗವಾಗಿ ಓಡುತ್ತದೆ? ಈ ಎರಡನ್ನೂ ಬದಿಗಿಟ್ಟು, ಕಾರು ನೆಲಕ್ಕೆ ಎಷ್ಟು ಹತ್ತಿರ ಇಳಿಯುತ್ತದೆ, ಎಷ್ಟು ನಿಧಾನವಾಗಿ ಸಾಗುತ್ತದೆ ಎಂದು ಕೇಳಿದ ಜನರೂ ಉಂಟು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಮುಖ್ಯವಾಗಿ ಲಾಸ್ ಏಂಜಲೀಸ್ ನಗರದ ಪೂರ್ವ ಭಾಗದಲ್ಲಿ ನೆಲೆಸಿದ ಮೆಕ್ಸಿಕನ್ ಮೂಲದವರು ಅವರು. ಅವರ ತಗ್ಗಿಸಿದ ಕಾರಿಗೂ, ಅದನ್ನು ಓಡಿಸುವವನಿಗೂ ಒಂದೇ ಹೆಸರು: ಲೋರೈಡರ್.

ಹೀಗೆ ಕಾರನ್ನು ತಗ್ಗಿಸುವುದು ಕ್ಯಾಲಿಫೋರ್ನಿಯಾದಲ್ಲಿ 1958ರಲ್ಲಿ ಅಪರಾಧವಾಯಿತು. 2024ರ ಜನವರಿ 1ರಂದು ಆ ನಿಷೇಧ ಹೋಯಿತು. ನಡುವಿನ ಅರವತ್ತಾರು ವರ್ಷಗಳಲ್ಲಿ ನಡೆದದ್ದು ಸ್ಪ್ರಿಂಗು, ಟೈರುಗಳ ಕಥೆ ಮಾತ್ರವಲ್ಲ. ಬೀದಿ ಯಾರದು, ಅಲ್ಲಿ ಯಾರು ಹೇಗೆ ಕಾಣಿಸಿಕೊಳ್ಳಬಹುದು ಎಂಬುದನ್ನು ತೀರ್ಮಾನಿಸುವವರು ಯಾರು ಎಂಬ ಜಗಳದ ಕಥೆಯೂ ಹೌದು.

ತಗ್ಗಿಸುವುದೆಂದರೆ

ಮೊದಲು ಯಂತ್ರದ ವಿಷಯ. ಕಾರಿನ ಒಡಲು ನೇರವಾಗಿ ಚಕ್ರಗಳ ಮೇಲೆ ಕೂತಿರುವುದಿಲ್ಲ. ನಡುವೆ ಸ್ಪ್ರಿಂಗುಗಳಿವೆ, ಅವುಗಳ ಕುಣಿತವನ್ನು ಹತೋಟಿಯಲ್ಲಿಡಲು ಶಾಕ್ ಅಬ್ಸಾರ್ಬರುಗಳಿವೆ. ಈ ಒಟ್ಟು ಏರ್ಪಾಡಿಗೆ ಸಸ್ಪೆನ್ಷನ್ ಎಂದು ಹೆಸರು. ಹಳ್ಳ ಬಂದಾಗ ಚಕ್ರ ಕೆಳಗಿಳಿಯುತ್ತದೆ, ದಿಣ್ಣೆ ಬಂದಾಗ ಮೇಲೇರುತ್ತದೆ. ಒಳಗೆ ಕೂತವರಿಗೆ ಅದರ ಏಟು ಅಷ್ಟಾಗಿ ತಟ್ಟುವುದಿಲ್ಲ.

ಕಾರನ್ನು ತಗ್ಗಿಸುವುದೆಂದರೆ ಈ ಸ್ಪ್ರಿಂಗಿನ ಎತ್ತರವನ್ನು ಕಡಿಮೆ ಮಾಡುವುದು. ಅದಕ್ಕೆ ಅತ್ಯಂತ ಅಗ್ಗದ ಉಪಾಯ ಡಿಕ್ಕಿಯಲ್ಲಿ ಮರಳಿನ ಚೀಲ ಹೇರುವುದು. ಭಾರಕ್ಕೆ ಹಿಂಭಾಗ ಕುಸಿಯುತ್ತದೆ. ಎರಡನೆಯದು, ಸುರುಳಿ ಸ್ಪ್ರಿಂಗಿನ ಒಂದೆರಡು ಸುತ್ತು ಕತ್ತರಿಸಿಹಾಕುವುದು. ಮೂರನೆಯದು, ಗ್ಯಾಸ್ ಜ್ವಾಲೆಯಿಂದ ಸ್ಪ್ರಿಂಗನ್ನು ಕಾಯಿಸಿ ತಾನಾಗಿ ಕುಗ್ಗುವಂತೆ ಮಾಡುವುದು. ಹೀಗೆ ಕಾಯಿಸಿದ ಉಕ್ಕು ತನ್ನ ಹದವನ್ನೇ ಕಳೆದುಕೊಳ್ಳುತ್ತದೆ. ಪಟ್ಟಿ ಸ್ಪ್ರಿಂಗಿನ ಕಾರಾದರೆ ಸ್ಪ್ರಿಂಗಿಗೂ ಆಕ್ಸಲಿಗೂ ನಡುವೆ ಲೋಹದ ದಿಮ್ಮಿ ಇಟ್ಟು ಒಡಲನ್ನು ಇಳಿಸುತ್ತಾರೆ.

ಯಾವುದೂ ಪುಕ್ಕಟೆ ಅಲ್ಲ. ಸುರುಳಿಯ ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗು ಗಡುಸಾಗುತ್ತದೆ. ಚಕ್ರ ಮೇಲೆ ಕೆಳಗೆ ಆಡಲು ಇದ್ದ ಜಾಗ ಕಿರಿದಾಗುತ್ತದೆ. ಗಾರ್ಡು ಟೈರಿಗೆ ಉಜ್ಜುತ್ತದೆ, ಬೆನ್ನುಮೂಳೆಗೆ ಏಟು ಬೀಳುತ್ತದೆ. ಲಾಭವೂ ಒಂದಿದೆ: ಗುರುತ್ವ ಕೇಂದ್ರ ಕೆಳಗಿಳಿದರೆ ತಿರುವಿನಲ್ಲಿ ಕಾರು ವಾಲುವುದು ಕಡಿಮೆ. ರೇಸಿನ ಕಾರುಗಳು ನೆಲಕ್ಕೆ ಅಂಟಿದಂತಿರುವುದು ಅದಕ್ಕೇ. ಆದರೆ ಲೋರೈಡರುಗಳಿಗೆ ಈ ಲಾಭ ಬೇಕಿರಲಿಲ್ಲ. ಅವರು ರೇಸಿಗೆ ಹೊರಟವರೇ ಅಲ್ಲ.

ವೇಗಕ್ಕೆ ಎದುರಾಗಿ ನಿಧಾನ

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಕಾರುಗಳು ಅಗ್ಗವಾಗಿ ಸಿಗುತ್ತಿದ್ದವು. ಯುದ್ಧದಿಂದ ಮರಳಿದವರಿಗೆ, ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರಿಗೆ ಯಂತ್ರದ ಕೆಲಸ ಗೊತ್ತಿತ್ತು. ಬಿಳಿಯ ಯುವಕರಲ್ಲಿ ಆಗ ಹಾಟ್ ರಾಡ್ ಎಂಬ ಗೀಳು ಹಬ್ಬಿತ್ತು. ಹಳೆಯ ಕಾರಿನ ಭಾರ ಇಳಿಸಿ, ಎಂಜಿನ್ ಬಲಪಡಿಸಿ, ಕಿವಿ ಕಿತ್ತುಹೋಗುವಂತೆ ಓಡಿಸುವುದು ಅದರ ಮರ್ಜಿ. ಮೆಕ್ಸಿಕನ್ ಬಡಾವಣೆಗಳ ಯುವಕರು ಅದಕ್ಕೆ ತದ್ವಿರುದ್ಧವಾಗಿ ನಡೆದರು. ಅವರ ಘೋಷವಾಕ್ಯ ಸ್ಪ್ಯಾನಿಷ್ ಭಾಷೆಯಲ್ಲಿ 'ಬಾಹಿತೊ ಇ ಸ್ವಾವೆಸೀತೊ'. ತಗ್ಗಾಗಿ, ಮೆಲ್ಲಗೆ, ನವಿರಾಗಿ ಎಂದು ಅದರ ಭಾವ.

ನಿಧಾನಕ್ಕೂ ಸೊಗಸಿಗೂ ಇರುವ ನಂಟು ಕನ್ನಡಿಗರಿಗೆ ಹೊಸದಲ್ಲ. ತೇರು ಓಡಿದರೆ ನೋಡುವವರಿಗೆ ಏನು ಸಿಕ್ಕೀತು? ಅದು ಇಂಚಿಂಚಾಗಿ ಸಾಗಬೇಕು, ಬೀದಿಯ ಎರಡೂ ಬದಿಯವರು ಕಣ್ತುಂಬ ನೋಡಬೇಕು. ಮೆಕ್ಸಿಕೊದ ಊರುಗಳಲ್ಲಿ ಸಂಜೆ ಹೊತ್ತು ಒಳ್ಳೆಯ ಬಟ್ಟೆ ಉಟ್ಟು ಚೌಕದ ಸುತ್ತ ನಡೆದಾಡುವ ಪದ್ಧತಿಯಿತ್ತು. ಲಾಸ್ ಏಂಜಲೀಸಿನಲ್ಲಿ ಚೌಕದ ಬದಲು ವಿಟಿಯರ್ ಬುಲೆವಾರ್ಡ್ ಎಂಬ ಉದ್ದನೆಯ ರಸ್ತೆ, ಕಾಲಿನ ಬದಲು ಕಾರು. ಶನಿವಾರ, ಭಾನುವಾರದ ರಾತ್ರಿಗಳಲ್ಲಿ ಸಾಲುಸಾಲಾಗಿ ಕಾರುಗಳು ಆಮೆಯ ನಡಿಗೆಯಲ್ಲಿ ಸಾಗುತ್ತಿದ್ದವು. ಇದಕ್ಕೆ ಕ್ರೂಸಿಂಗ್ ಎಂಬ ಹೆಸರು ಬಂತು.

ಆದರೆ ಚೆನ್ನಾಗಿ ಕಾಣಿಸಿಕೊಳ್ಳುವುದು ಈ ಜನಕ್ಕೆ ಸುಲಭದ ಮಾತಾಗಿರಲಿಲ್ಲ. ಯುದ್ಧದ ನಡುವೆ, 1943ರ ಜೂನ್ ತಿಂಗಳಲ್ಲಿ, ಸಡಿಲ ಪ್ಯಾಂಟು, ಉದ್ದನೆಯ ಕೋಟಿನ 'ಜೂಟ್ ಸೂಟ್' ಧರಿಸಿದ ಮೆಕ್ಸಿಕನ್ ಯುವಕರನ್ನು ನೌಕಾಪಡೆಯ ಸಿಪಾಯಿಗಳೂ ಇತರರೂ ಲಾಸ್ ಏಂಜಲೀಸಿನ ಬೀದಿಗಳಲ್ಲಿ ಅಟ್ಟಾಡಿಸಿ ಹೊಡೆದರು. ಟ್ರಾಮಿನಿಂದ, ಸಿನಿಮಾ ಮಂದಿರದಿಂದ ಎಳೆದು ತಂದು ಬಟ್ಟೆ ಹರಿದರು. ಪೊಲೀಸರು ಬಂಧಿಸಿದ್ದು ಹೆಚ್ಚಾಗಿ ಏಟು ತಿಂದವರನ್ನೇ. ಕೋಟು ಉದ್ದವಾಯಿತೆಂದು ಹೊಡೆಸಿಕೊಂಡ ಸಮುದಾಯ, ಮುಂದಿನ ದಶಕದಲ್ಲಿ ಕಾರು ಗಿಡ್ಡವಾಯಿತೆಂದು ದಂಡ ಕಟ್ಟಿತು.

ಕಾನೂನಿನ ಅಳತೆಗೋಲು

ಕ್ಯಾಲಿಫೋರ್ನಿಯಾದ 1958ರ ನಿಯಮ ಒಂದು ಸರಳ ಗೆರೆ ಎಳೆಯಿತು. ಚಕ್ರದ ರಿಮ್ಮಿನ ಕೆಳ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ, ಮಾರ್ಪಡಿಸಿದ ಕಾರಿನ ಬೇರೆ ಯಾವ ಭಾಗವೂ ಅದಕ್ಕಿಂತ ಕೆಳಗೆ ಇರಕೂಡದು. ಈ ಅಳತೆಗೆ ತಾಂತ್ರಿಕ ತರ್ಕ ಇಲ್ಲದಿಲ್ಲ. ಟೈರು ಒಡೆದರೆ ಕಾರು ರಿಮ್ಮಿನ ಮೇಲೆ ನಿಲ್ಲಬೇಕೇ ಹೊರತು ಒಡಲು ರಸ್ತೆಗೆ ಬಡಿಯಬಾರದು. ಕಾನೂನಿನ ಮಾತಿನಲ್ಲಿ ಯಾವ ಜನಾಂಗದ ಹೆಸರೂ ಇರಲಿಲ್ಲ. ಆದರೆ ಕಾರು ತಗ್ಗಿಸುತ್ತಿದ್ದವರು ಯಾರು, ಅವರ ಬಡಾವಣೆ ಯಾವುದು ಎಂಬುದು ಪೊಲೀಸರಿಗೆ ಗೊತ್ತಿತ್ತು. ಅಳತೆಪಟ್ಟಿ ಹಿಡಿದು ಕಾರು ನಿಲ್ಲಿಸಲು ಇದೊಂದು ನೆಪವಾಯಿತು.

ನಿಯಮಕ್ಕೆ ಬಂದ ಉತ್ತರ ಸ್ವಾರಸ್ಯಕರವಾಗಿದೆ. ಸ್ಯಾನ್ ಬರ್ನಾರ್ಡಿನೊ ಕಡೆಯ ರಾನ್ ಅಗಿರ್ರೆ ಎಂಬ ಯುವಕನ ಬಳಿ 1957ರ ಮಾದರಿಯ ಕಾರ್ವೆಟ್ ಕಾರಿತ್ತು. ತಗ್ಗಿಸಿದ್ದಕ್ಕಾಗಿ ಅವನು ಪದೇ ಪದೇ ಪೊಲೀಸರ ಚೀಟಿ ಪಡೆಯುತ್ತಿದ್ದ. ದಕ್ಷಿಣ ಕ್ಯಾಲಿಫೋರ್ನಿಯಾ ಆಗ ವಿಮಾನ ತಯಾರಿಕೆಯ ದೊಡ್ಡ ಕೇಂದ್ರ. ಯುದ್ಧದ ವಿಮಾನಗಳ ಹೈಡ್ರಾಲಿಕ್ ಪಂಪು, ಸಿಲಿಂಡರುಗಳು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತಿದ್ದವು. ಅಗಿರ್ರೆ ತನ್ನ ತಂದೆಯ ನೆರವಿನಿಂದ ಅವನ್ನು ತಂದು 1959ರ ಸುಮಾರಿಗೆ ಕಾರಿಗೆ ಅಳವಡಿಸಿದ. ಗುಂಡಿ ಒತ್ತಿದರೆ ಪಂಪು ಎಣ್ಣೆಯನ್ನು ಸಿಲಿಂಡರಿಗೆ ನೂಕುತ್ತದೆ, ಕಾರು ಮೇಲೇಳುತ್ತದೆ. ಇನ್ನೊಂದು ಗುಂಡಿ ಒತ್ತಿದರೆ ಎಣ್ಣೆ ತೊಟ್ಟಿಗೆ ಮರಳುತ್ತದೆ, ಕಾರು ನೆಲಕ್ಕಿಳಿಯುತ್ತದೆ. ಪೊಲೀಸರು ಕಂಡಾಗ ಕಾನೂನಿನ ಎತ್ತರ, ಅವರು ಹೋದ ಮೇಲೆ ತನ್ನಿಷ್ಟದ ಎತ್ತರ!

ಚಾಪೆಯ ಕೆಳಗೆ ನುಸುಳಿದರೆ ರಂಗೋಲಿಯ ಕೆಳಗೆ ನುಸುಳುವವರು ಇದ್ದೇ ಇರುತ್ತಾರೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು. ಕಾನೂನು ತಡೆಯಲು ಹೊರಟ ಹವ್ಯಾಸಕ್ಕೆ ಅದರ ಅತಿ ದೊಡ್ಡ ಆವಿಷ್ಕಾರವನ್ನು ಒದಗಿಸಿದ್ದು ಕಾನೂನೇ. ಮುಂದೆ ಈ ಪಂಪುಗಳು ಪೊಲೀಸರಿಂದ ತಪ್ಪಿಸಿಕೊಳ್ಳುವ ಸಾಧನವಾಗಿ ಉಳಿಯದೆ ಆಟದ ಸಾಧನವಾದವು. ಡಿಕ್ಕಿಯ ತುಂಬ ಬ್ಯಾಟರಿ ಜೋಡಿಸಿ, ನಾಲ್ಕು ಚಕ್ರಗಳಿಗೂ ಬೇರೆ ಬೇರೆ ಸಿಲಿಂಡರು ಇಟ್ಟು, ಒಂದು ಚಕ್ರ ಗಾಳಿಯಲ್ಲಿ ತೂಗುವಂತೆ, ಮುಂಭಾಗ ನೆಗೆದು ಕುಣಿಯುವಂತೆ ಮಾಡಿದರು.

ಇವರೆಲ್ಲರ ಮೆಚ್ಚಿನ ಕಾರು ಷೆವರ್ಲೆ ಕಂಪನಿಯ ಇಂಪಾಲಾ. 1958ರಲ್ಲಿ, ಎಂದರೆ ನಿಷೇಧ ಬಂದ ವರ್ಷವೇ, ಅದೂ ಮಾರುಕಟ್ಟೆಗೆ ಬಂತು. 1958ರಿಂದ 1964ರವರೆಗಿನ ಇಂಪಾಲಾಗಳ ಚಾಸಿಸ್ ಇಂಗ್ಲಿಷಿನ ಎಕ್ಸ್ ಅಕ್ಷರದ ಆಕಾರದಲ್ಲಿತ್ತು. ಇಕ್ಕೆಲಗಳಲ್ಲಿ ಉದ್ದನೆಯ ತೊಲೆಗಳಿಲ್ಲದ ಕಾರಣ ಒಡಲು ಚೆನ್ನಾಗಿ ತಗ್ಗುತ್ತಿತ್ತು. ಉದ್ದಕ್ಕೆ ಮಲಗಿದಂಥ ಅದರ ಮೈಕಟ್ಟು ಬಣ್ಣ ಬಳಿಯುವವರಿಗೆ ದೊಡ್ಡ ಹಲಗೆಯಂತೆ ಒದಗಿತು.

ಗುಲಾಬಿಗಳ ಕಾರು

ಆ ಹಲಗೆಯ ಮೇಲೆ ಏನು ಬರೆದರು ಎಂಬುದಕ್ಕೆ 'ಜಿಪ್ಸಿ ರೋಸ್' ಒಳ್ಳೆಯ ಉದಾಹರಣೆ. ಪೂರ್ವ ಲಾಸ್ ಏಂಜಲೀಸಿನ ಇಂಪೀರಿಯಲ್ಸ್ ಕಾರ್ ಕ್ಲಬ್ಬಿನ ಹೆಸ್ಸಿ ವಲಾಡೆಸ್ ಅವರ ಈ ಹೆಸರಿನ ಮೊದಲ ಕಾರು ಹಾಳಾದ ಬಳಿಕ, 1964ರ ಇಂಪಾಲಾದ ಮೇಲೆ ಅವರು ಮತ್ತೆ ಅದನ್ನು ಕಟ್ಟಿದರು. ನಸುಗೆಂಪು ಮೈಯ ಮೇಲೆ ಕೈಯಲ್ಲೇ ಬರೆದ ನೂರಕ್ಕೂ ಹೆಚ್ಚು ಗುಲಾಬಿಗಳು. 1974ರಿಂದ 1978ರವರೆಗೆ ಅಮೆರಿಕದ ಟೆಲಿವಿಷನ್ನಿನಲ್ಲಿ ಬಂದ 'ಚಿಕೊ ಅಂಡ್ ದ ಮ್ಯಾನ್' ಧಾರಾವಾಹಿಯ ಆರಂಭದ ದೃಶ್ಯದಲ್ಲಿ ಈ ಕಾರು ಕಾಣಿಸಿಕೊಂಡು, ದೇಶದ ಮನೆಮನೆಗೂ ಪರಿಚಯವಾಯಿತು.

ಇಂಥ ಕಾರೊಂದರ ಹಿಂದೆ ಹಲವು ಕೈಗಳ ಕೆಲಸವಿರುತ್ತದೆ. ಎಂಜಿನ್ ಮೆಕ್ಯಾನಿಕ್, ವೆಲ್ಡಿಂಗ್ ಮಾಡುವವನು, ತಗಡು ತಟ್ಟುವವನು, ಸೀಟಿಗೆ ವೆಲ್ವೆಟ್ ಹೊದಿಸುವವನು, ಕೂದಲೆಳೆಯಷ್ಟು ತೆಳು ಗೆರೆ ಎಳೆಯುವ ಬಣ್ಣಗಾರ. ಬಾನೆಟ್ಟಿನ ಮೇಲೆ ಗ್ವಾಡಲೂಪೆ ಮಾತೆಯ ಚಿತ್ರ, ತೀರಿಕೊಂಡ ತಂದೆ ತಾಯಿಯರ ಚಿತ್ರ ಬರೆಸುವುದುಂಟು. ಮದುವೆಗೆ, ಮಗಳ ಹದಿನೈದನೆಯ ಹುಟ್ಟುಹಬ್ಬಕ್ಕೆ, ಕೊನೆಗೆ ಶವಯಾತ್ರೆಗೂ ಇದೇ ಕಾರುಗಳ ಸಾಲು. ಒಂದು ಕಾರು ತಂದೆಯಿಂದ ಮಗನಿಗೆ, ಮಗಳಿಗೆ ಬರುವುದು ಸಾಮಾನ್ಯ. 1977ರಲ್ಲಿ ಸ್ಯಾನ್ ಹೋಸೆ ನಗರದಿಂದ 'ಲೋರೈಡರ್' ಎಂಬ ಪತ್ರಿಕೆ ಹೊರಟ ಮೇಲೆ, ಬಡಾವಣೆಗಳ ಈ ಕಸುಬಿಗೆ ಒಂದು ಮುದ್ರಿತ ದಾಖಲೆಯೂ ಸಿಕ್ಕಿತು.

ಬೀದಿ ಯಾರದು?

ವಿಟಿಯರ್ ಬುಲೆವಾರ್ಡ್ ಕೇವಲ ಮೆರವಣಿಗೆಯ ಬೀದಿಯಾಗಿ ಉಳಿಯಲಿಲ್ಲ. 1970ರ ಆಗಸ್ಟ್ 29ರಂದು ವಿಯಟ್ನಾಂ ಯುದ್ಧವನ್ನು ವಿರೋಧಿಸಿ ಸಾವಿರಾರು ಮೆಕ್ಸಿಕನ್ ಅಮೆರಿಕನ್ನರು ಅಲ್ಲಿ ನಡೆದರು. ಪೊಲೀಸರೊಡನೆ ಘರ್ಷಣೆಯಾಯಿತು. ಅದೇ ಬೀದಿಯ ಒಂದು ಕೆಫೆಯಲ್ಲಿ ಕುಳಿತಿದ್ದ ಪತ್ರಕರ್ತ ರೂಬೆನ್ ಸಲಜಾರ್, ಪೊಲೀಸ್ ಸಿಬ್ಬಂದಿ ಹಾರಿಸಿದ ಅಶ್ರುವಾಯು ಶೆಲ್ ಬಡಿದು ಸತ್ತರು. ಆ ಬೀದಿಯಲ್ಲಿ ರಾತ್ರಿ ಕಾರುಗಳ ಸಾಲು ಕಂಡಾಗ ಅಧಿಕಾರಿಗಳಿಗೂ ಜನರಿಗೂ ಬೇರೆ ಬೇರೆ ಚಿತ್ರಗಳು ಕಣ್ಣಿಗೆ ಕಟ್ಟುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಎಲ್ಲ ದೂರುಗಳೂ ಸುಳ್ಳಲ್ಲ. ವಾರಾಂತ್ಯದಲ್ಲಿ ರಸ್ತೆ ಕಟ್ಟಿಹೋಗುತ್ತಿತ್ತು. ಅಂಗಡಿಯವರು ಗೊಣಗುತ್ತಿದ್ದರು. ಗುಂಪುಗಳ ನಡುವೆ ಹೊಡೆದಾಟಗಳೂ ಆಗುತ್ತಿದ್ದವು. ಆದರೆ ಅದಕ್ಕೆ ಬಂದ ಪರಿಹಾರ, ತಪ್ಪು ಮಾಡಿದವನನ್ನು ಹಿಡಿಯುವುದಕ್ಕಿಂತ ಇಡೀ ಹವ್ಯಾಸವನ್ನೇ ಬೀದಿಯಿಂದ ಓಡಿಸುವುದಾಯಿತು. 1970ರ ದಶಕದ ಕೊನೆಯ ಹೊತ್ತಿಗೆ ವಾರಾಂತ್ಯದ ರಾತ್ರಿಗಳಲ್ಲಿ ವಿಟಿಯರ್ ಬುಲೆವಾರ್ಡಿಗೆ ತಡೆ ಬಿತ್ತು. 1980ರ ದಶಕದಿಂದ ಕ್ಯಾಲಿಫೋರ್ನಿಯಾದ ಅನೇಕ ನಗರಗಳು ಕ್ರೂಸಿಂಗ್ ನಿಷೇಧಿಸಿದವು. ನಿಗದಿತ ಅವಧಿಯಲ್ಲಿ ಒಂದೇ ಜಾಗವನ್ನು ಮತ್ತೆ ಮತ್ತೆ ಹಾದುಹೋಗುವುದೇ ಅಪರಾಧವಾಯಿತು. ಮಿತಿಮೀರಿದ ವೇಗಕ್ಕೆ ದಂಡ ವಿಧಿಸುವುದು ಎಲ್ಲ ಕಡೆ ಇದೆ. ಮೆಲ್ಲಗೆ ಹೋಗಿ ಮತ್ತೆ ಅದೇ ದಾರಿಯಲ್ಲಿ ಬಂದದ್ದಕ್ಕೆ ದಂಡ ವಿಧಿಸಿದ್ದು ಇಲ್ಲಿನ ವಿಶೇಷ.

ಚಕ್ರ ದೊಡ್ಡದಾದಾಗ

ಇನ್ನು ಚಕ್ರದ ಮಾತು. ಸಾಂಪ್ರದಾಯಿಕ ಲೋರೈಡರಿಗೆ ದೊಡ್ಡ ಚಕ್ರ ಒಗ್ಗುವುದಿಲ್ಲ. ಅದಕ್ಕೆ ಬೇಕಾದುದು 13 ಅಥವಾ 14 ಇಂಚಿನ, ಕ್ರೋಮ್ ಹೊಳಪಿನ ಸ್ಪೋಕ್ ಚಕ್ರ. ಚಕ್ರ ಚಿಕ್ಕದಾದಷ್ಟೂ ಒಡಲು ಇಳಿಯಲು ಜಾಗ ಹೆಚ್ಚು. ದೊಡ್ಡ ಚಕ್ರಗಳ ಷೋಕಿ ಬಲವಾದದ್ದು 1990ರ ದಶಕದಿಂದ ಈಚೆಗೆ. ಆಗ 20 ಇಂಚಿನ ರಿಮ್ಮುಗಳು ಅಂತಸ್ತಿನ ಗುರುತಾದವು.

ದೊಡ್ಡ ಚಕ್ರ ಎಂದಾಗ ಒಂದು ಲೆಕ್ಕ ಗಮನಿಸಬೇಕು. ರಿಮ್ಮು ದೊಡ್ಡದಾದರೆ ಒಟ್ಟು ಚಕ್ರ ದೊಡ್ಡದಾಗಲೇಬೇಕೆಂದಿಲ್ಲ. ಟೈರಿನ ಗೋಡೆಯನ್ನು ಅಷ್ಟೇ ಕಿರಿದುಗೊಳಿಸಿದರೆ ಹೊರಗಿನ ವ್ಯಾಸ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. 205 ಮಿಲಿಮೀಟರ್ ಅಗಲದ, ಗೋಡೆ ಅದರ ಶೇಕಡ 75ರಷ್ಟಿರುವ 14 ಇಂಚಿನ ಟೈರು, ಮತ್ತು 225 ಮಿಲಿಮೀಟರ್ ಅಗಲದ, ಗೋಡೆ ಶೇಕಡ 35ರಷ್ಟಿರುವ 20 ಇಂಚಿನ ಟೈರು: ಎರಡರ ಹೊರ ವ್ಯಾಸವೂ ಸುಮಾರು 66 ಸೆಂಟಿಮೀಟರ್. ಆದರೆ ಮೊದಲನೆಯದರ ರಬ್ಬರ್ ಗೋಡೆ 15 ಸೆಂಟಿಮೀಟರ್, ಎರಡನೆಯದರದು 8 ಸೆಂಟಿಮೀಟರ್ ಮಾತ್ರ.

ಇದರ ಪರಿಣಾಮ ಎರಡು ಬಗೆ. ತೆಳು ಟೈರು ತಿರುವಿನಲ್ಲಿ ಕಡಿಮೆ ಬಾಗುತ್ತದೆ, ಸ್ಟಿಯರಿಂಗಿಗೆ ಚುರುಕಾಗಿ ಸ್ಪಂದಿಸುತ್ತದೆ. ಅದೇ ವೇಳೆ ಗುಂಡಿಯ ಏಟನ್ನು ನುಂಗುವ ಗಾಳಿಯ ಮೆತ್ತೆ ಕಡಿಮೆಯಾಗಿ ರಿಮ್ಮು ಸೊಟ್ಟಗಾಗುವ, ಟೈರು ಸೀಳುವ ಸಂಭವ ಹೆಚ್ಚುತ್ತದೆ. ದೊಡ್ಡ ರಿಮ್ಮು ಸಾಮಾನ್ಯವಾಗಿ ಭಾರವೂ ಹೆಚ್ಚು. ಆ ಭಾರ ಸ್ಪ್ರಿಂಗಿನ ಕೆಳಗಿರುವುದರಿಂದ ಸಸ್ಪೆನ್ಷನ್ನಿಗೆ ಕೆಲಸ ಜಾಸ್ತಿ, ಓಡಿಸಲೂ ನಿಲ್ಲಿಸಲೂ ಶಕ್ತಿ ಜಾಸ್ತಿ. ಹೊರ ವ್ಯಾಸವನ್ನೇ ಶೇಕಡ 5ರಷ್ಟು ಹೆಚ್ಚಿಸಿದರೆ, ಮುಳ್ಳು 100 ತೋರಿಸುವಾಗ ಕಾರು ನಿಜವಾಗಿ 105ರ ವೇಗದಲ್ಲಿರುತ್ತದೆ.

ಇಲ್ಲಿ 1958ರ ನಿಯಮದ ಅಳತೆಗೋಲು ಎಷ್ಟು ಅಲುಗಾಡುತ್ತಿತ್ತು ಎಂಬುದೂ ತಿಳಿಯುತ್ತದೆ. ಅದು ಅಳೆಯುತ್ತಿದ್ದುದು ರಿಮ್ಮಿನ ಕೆಳ ಅಂಚಿನಿಂದ. ಮೇಲಿನ ಲೆಕ್ಕದಂತೆ ರಿಮ್ಮು ಬದಲಿಸಿದರೆ ಆ ಅಂಚು ಸುಮಾರು 7 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಹಳೆಯ ಚಕ್ರದ ಮೇಲೆ ಅಪರಾಧವಾಗಿದ್ದ ಎತ್ತರ, ಹೊಸ ಚಕ್ರದ ಮೇಲೆ ಕಾನೂನುಬದ್ಧ! ದುಬಾರಿ ರಿಮ್ಮು ಕೊಳ್ಳಬಲ್ಲವನಿಗೆ ವಿನಾಯಿತಿ, ಹಳೆಯ ಚಕ್ರವನ್ನೇ ನೆಚ್ಚಿಕೊಂಡವನಿಗೆ ದಂಡ ಎಂದಂತಾಯಿತು.

ಇದೇ ಇಂಪಾಲಾ ಕಾರು ಅಮೆರಿಕದ ಇನ್ನೊಂದು ಮೂಲೆಯಲ್ಲಿ ಬೇರೆ ರೂಪ ತಾಳಿತು. ಫ್ಲಾರಿಡಾ ಮತ್ತು ದಕ್ಷಿಣದ ರಾಜ್ಯಗಳ ಕಪ್ಪು ಜನರ ಬಡಾವಣೆಗಳಲ್ಲಿ 1971ರಿಂದ 1976ರವರೆಗಿನ ಇಂಪಾಲಾ, ಕಪ್ರೀಸ್ ಕಾರುಗಳಿಗೆ 24 ಇಂಚು, ಅದಕ್ಕೂ ಮೀರಿದ ಚಕ್ರಗಳನ್ನು ತೊಡಿಸಿ ಒಡಲನ್ನು ಎತ್ತರಿಸಿದರು. ಇವಕ್ಕೆ ಡಾಂಕ್ ಎಂದು ಹೆಸರು. ಒಬ್ಬರು ಇಳಿಸಿದರು, ಇನ್ನೊಬ್ಬರು ಏರಿಸಿದರು. ಕಾರ್ಖಾನೆ ಎಲ್ಲರಿಗೂ ಒಂದೇ ಎತ್ತರ ಕೊಟ್ಟಿತ್ತು, ಇಬ್ಬರಿಗೂ ಅದು ಸಾಲಲಿಲ್ಲ.

ಗಾಜಿನ ಪೆಟ್ಟಿಗೆಯೊಳಗೆ

ಕಾಲ ಬದಲಾಯಿತು. ನ್ಯೂ ಮೆಕ್ಸಿಕೊ ರಾಜ್ಯದ ಚಿಮಾಯೊ ಎಂಬ ಊರಿನ ಯುವಕನೊಬ್ಬ 1969ರ ಫೋರ್ಡ್ ಕಾರನ್ನು ಲೋರೈಡರ್ ಆಗಿ ಮಾರ್ಪಡಿಸಲು ತೊಡಗಿದ್ದ. 1978ರಲ್ಲಿ ಅಪಘಾತದಲ್ಲಿ ತೀರಿಕೊಂಡ. ಮನೆಯವರು ಅದನ್ನು ಪೂರ್ಣಗೊಳಿಸಿ 'ಡೇವ್ಸ್ ಡ್ರೀಮ್' ಎಂದು ಕರೆದರು. 1990ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆ ಆ ಕಾರನ್ನು ತನ್ನ ಅಮೆರಿಕದ ಇತಿಹಾಸದ ವಸ್ತುಸಂಗ್ರಹಾಲಯಕ್ಕೆ ಪಡೆದುಕೊಂಡಿತು. 2017ರಲ್ಲಿ 'ಜಿಪ್ಸಿ ರೋಸ್' ಐತಿಹಾಸಿಕ ವಾಹನಗಳ ರಾಷ್ಟ್ರೀಯ ದಾಖಲೆಗೆ ಸೇರಿ, ರಾಜಧಾನಿಯ ನ್ಯಾಷನಲ್ ಮಾಲ್ ಮೈದಾನದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಪ್ರದರ್ಶನಕ್ಕೆ ನಿಂತಿತು. ಅದನ್ನು ಕಟ್ಟಿದ ವಲಾಡೆಸ್ 2011ರಲ್ಲೇ ತೀರಿಕೊಂಡಿದ್ದರು.

ವಿಚಿತ್ರವೆಂದರೆ, ರಾಜಧಾನಿಯಲ್ಲಿ ಗೌರವ ಪಡೆದ ಕಾರಿಗೆ ತವರಿನ ಬೀದಿಯಲ್ಲಿ ಆಗಲೂ ಕಾನೂನಿನ ತೊಡಕಿತ್ತು. ಕ್ಲಬ್ಬುಗಳು ಒಗ್ಗೂಡಿ ನಗರಸಭೆಗಳ ಮುಂದೆ ವಾದಿಸಿದವು. ಸ್ಯಾನ್ ಹೋಸೆ ಮತ್ತು ಸ್ಯಾಕ್ರಮೆಂಟೊ 2022ರಲ್ಲಿ, ನ್ಯಾಷನಲ್ ಸಿಟಿ 2023ರಲ್ಲಿ ಕ್ರೂಸಿಂಗ್ ನಿಷೇಧವನ್ನು ಹಿಂತೆಗೆದುಕೊಂಡವು. 2023ರ ಅಕ್ಟೋಬರಿನಲ್ಲಿ ರಾಜ್ಯಪಾಲ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದ ಶಾಸನ ನಗರಗಳ ನಿಷೇಧಾಧಿಕಾರವನ್ನೂ, ರಿಮ್ಮಿನ ಅಳತೆಯ ಹಳೆಯ ನಿಯಮವನ್ನೂ ಒಟ್ಟಿಗೆ ತೆಗೆದುಹಾಕಿತು. ಅತಿವೇಗ, ಸಂಚಾರಕ್ಕೆ ಅಡ್ಡಿ, ಬೀದಿ ಹೊಡೆದಾಟಗಳ ವಿರುದ್ಧ ಬೇರೆ ಕಾನೂನುಗಳು ಮೊದಲೂ ಇದ್ದವು, ಈಗಲೂ ಇವೆ.

ನಮ್ಮ ರಸ್ತೆಯಲ್ಲಿ

ಇದನ್ನೆಲ್ಲ ಕೇಳಿದ ಮೇಲೆ, ನಮ್ಮ ಊರಿನಲ್ಲೂ ಕಾರು ತಗ್ಗಿಸಬಹುದೇ ಎಂಬ ಪ್ರಶ್ನೆ ಸಹಜ. ಭಾರತದ 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಕಾನೂನಿನ ಜೊತೆಗೆ ರಸ್ತೆಯ ತೀರ್ಪೂ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ಕಟ್ಟಿದ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವಂಥದು. ಅದನ್ನು ತುಸು ತಗ್ಗಿಸಿದ ಕಾರೂ ದಾಟೀತು. ಆದರೆ ಅಪಘಾತವಾದ ಮರುದಿನ ಊರಿನವರೇ ಕಟ್ಟಿದ ಚೂಪು ದಿಣ್ಣೆಗೆ ಮಾನದಂಡವೆಲ್ಲಿ? ಐದು ಜನ ಕೂತ ಮಾಮೂಲಿ ಕಾರಿನ ಹೊಟ್ಟೆಯೇ ಅಲ್ಲಿ ಉಜ್ಜುತ್ತದೆ.

ಆದ್ದರಿಂದ ಈ ಕಥೆಯಿಂದ ಕಲಿಯಬೇಕಾದದ್ದು ಸ್ಪ್ರಿಂಗು ಕತ್ತರಿಸುವ ವಿದ್ಯೆಯನ್ನಲ್ಲ. ಸುರಕ್ಷತೆಗೆ ನಿಯಮ ಬೇಕು. ಕಾಯಿಸಿ ಕುಗ್ಗಿಸಿದ ಸ್ಪ್ರಿಂಗು ಮುರಿದರೆ ಸಾಯುವವನು ಎದುರಿನಿಂದ ಬಂದವನೂ ಆಗಿರಬಹುದು. ಆದರೆ ನಿಯಮ ಅಳೆಯುತ್ತಿರುವುದು ಅಪಾಯವನ್ನೋ, ಅಥವಾ ಕಣ್ಣಿಗೆ ಹಿಡಿಸದವರ ಷೋಕಿಯನ್ನೋ ಎಂದು ಆಗಾಗ ಕೇಳಿಕೊಳ್ಳಬೇಕಾಗುತ್ತದೆ. ಕ್ಯಾಲಿಫೋರ್ನಿಯಾಕ್ಕೆ ಆ ಪ್ರಶ್ನೆ ಕೇಳಿಕೊಳ್ಳಲು ಅರವತ್ತಾರು ವರ್ಷ ಹಿಡಿಯಿತು. ಅಷ್ಟು ಕಾಲವೂ ಆ ಕಾರುಗಳು ಅವಸರ ಪಡಲಿಲ್ಲ. ತಗ್ಗಾಗಿ, ಮೆಲ್ಲಗೆ, ಅದೇ ಬೀದಿಗೆ ಮತ್ತೆ ಮತ್ತೆ ಬರುತ್ತಲೇ ಇದ್ದವು.